ಸತ್ಯವೇದ ಕೊಳ್ಳುವ ಮುಂಚೆ ಒಂದು ಪುಟ ಓದಿ ನೋಡಿ

ಸಂಪಾದಕರಿಗೆ ನಮಸ್ಕಾರ.

ಕ್ರಿಸ್‌ಮಸ್ ಹತ್ತಿರ ಬಂತು. ಮಕ್ಕಳ ಕನ್ಫರ್ಮೇಶನ್ ದೀಕ್ಷೆಗೋ ಮದುವೆಗೋ ಹೊಸ ಮನೆಗೋ ಏನು ಕೊಡೋಣ ಎಂದರೆ ನಮ್ಮ ಮುಂಬೈ ಕನ್ನಡ ಸಭೆಯವರ ಬಾಯಲ್ಲಿ ಬರುವ ಉತ್ತರ ಒಂದೇ, ಸತ್ಯವೇದ, ಅಂದರೆ ಕನ್ನಡ ಬೈಬಲ್. ಅದೂ ದಪ್ಪದ್ದು, ಚಿನ್ನದ ಬಣ್ಣದ ಅಂಚಿನದ್ದು, ಜಿಪ್ ಇರುವುದು. ಆಮೇಲೆ ಅದು ಶೋಕೇಸ್‌ನಲ್ಲಿ ಸ್ಟೀಲ್ ಲೋಟಗಳ ಪಕ್ಕ ಕೂರುತ್ತದೆ. ನಮ್ಮ ಮನೆಯಲ್ಲೇ ಅಂಥವು ಮೂರಿವೆ, ಸುಮ್ನೆ ಯಾಕೆ ಬೇರೆಯವರನ್ನು ಅನ್ನಲಿ.

ಹೋದ ವರ್ಷ ಬೆಟಗೇರಿಯಲ್ಲಿರುವ ಅವ್ವನಿಗೆಂದು ನಾನೇ ಒಂದು ಆನ್‌ಲೈನ್‌ನಲ್ಲಿ ತರಿಸಿದೆ. ಫೋಟೋ ಭರ್ಜರಿಯಾಗಿತ್ತು. ರಟ್ಟು ಯಾವ ಬಣ್ಣ, ಲೆದರ್ರೋ ರೆಕ್ಸಿನ್ನೋ, ಎಲ್ಲಾ ಬರೆದಿದ್ದರು. ಅಕ್ಷರ ಎಷ್ಟು ದೊಡ್ಡದು ಅಂತ ಮಾತ್ರ ಇರಲಿಲ್ಲ. ಅವ್ವ ಅದರಲ್ಲಿನ ಕೀರ್ತನೆಗಳ ಪುಟ ತೆಗೆದು, ಕನ್ನಡಕ ಒರೆಸಿ, ಮತ್ತೆ ಹಾಕಿಕೊಂಡು, ಕಿಟಕಿ ಕಡೆ ತಿರುಗಿಸಿ ನೋಡಿ, "ಏ ತಮ್ಮಾ, ಇವು ಅಕ್ಷರನೋ ಇರಿವಿ ಸಾಲೋ?" ಅಂದಳು.

ಇಂಗ್ಲಿಷ್ ಪುಸ್ತಕದಲ್ಲಿ ಹೇಗೋ ನಡೆದುಹೋಗುವ ಸಣ್ಣ ಅಕ್ಷರ ಕನ್ನಡದಲ್ಲಿ ನಡೆಯುವುದಿಲ್ಲ. ನಮ್ಮದರಲ್ಲಿ ಕೆಳಗೆ ಒತ್ತು ಬರುತ್ತದೆ, ಮೇಲೆ ಗುಡಿಸು ಬರುತ್ತದೆ, 'ಕ್ರಿಸ್ತ' ಎಂಬ ಒಂದು ಹೆಸರಿನಲ್ಲೇ ಎರಡು ಒತ್ತು. ಸಾಲುಗಳನ್ನು ಒತ್ತೊತ್ತಾಗಿ ಕೂಡಿಸಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆ ಮೇಲೆ ಕೂರುತ್ತದೆ. ಕಾಗದವೂ ತೆಳು, ಹಿಂದಿನ ಪುಟದ ಮಸಿ ಈಚೆ ಕಾಣುತ್ತದೆ. ಅದಕ್ಕೇ ಅಂಗಡಿಗೆ ಹೋದರೆ ರಟ್ಟು ಸವರಬೇಡಿ. ನಡುವೆ ಎಲ್ಲಾದರೂ ತೆಗೆದು, ನಿಮ್ಮ ಮನೆ ಬೆಳಕು ಎಷ್ಟಿರುತ್ತೋ ಅಷ್ಟರಲ್ಲಿ ಒಂದು ಪುಟ ಪೂರ್ತಿ ಓದಿ.

ಆಮೇಲಿನ ಪ್ರಶ್ನೆ, ನೀವು ನಿಜವಾಗಿ ಓದುವುದು ಎಲ್ಲಿ, ಯಾವಾಗ? ಓದಬೇಕು ಅಂದುಕೊಂಡಿರುವ ಹೊತ್ತಲ್ಲ, ಓದುವ ಹೊತ್ತು. ನನ್ನದು ಡೊಂಬಿವಲಿಯಿಂದ ಹೊರಡುವ ಬೆಳಗಿನ ಫಾಸ್ಟ್ ಲೋಕಲ್. ಒಂದು ಕೈ ಮೇಲಿನ ಹಿಡಿಕೆಗೆ ಹೋಗುತ್ತೆ, ಬ್ಯಾಗು ಎದೆಗೆ, ಉಳಿದಿದ್ದು ಒಂದೇ ಕೈ. ಅಲ್ಲಿ ದಪ್ಪ ಪುಸ್ತಕ ಬಿಚ್ಚಿದರೆ ಪಕ್ಕದವನ ಮೂಗಿಗೆ ತಾಗುತ್ತದೆ. ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯ ಜೊತೆ ಕೀರ್ತನೆಗಳು, ಜ್ಞಾನೋಕ್ತಿಗಳು ಸೇರಿಸಿದ ಪುಟ್ಟ ಪುಸ್ತಕ ಬರುತ್ತದಲ್ವಾ, ಅಂಗಿ ಜೇಬಿನದು, ಅದೇ ಸರಿ. ಜ್ಞಾನೋಕ್ತಿಯಲ್ಲಿ 31 ಅಧ್ಯಾಯ, ತಾರೀಖು ನೋಡಿ ದಿನಕ್ಕೊಂದು ಓದಿದರಾಯಿತು. ಮಾರ್ಕನ ಸುವಾರ್ತೆ 16 ದಿನದ ಕೆಲಸ. ಸಣ್ಣ ಅಕ್ಷರ ಎಂದು ಈಗಷ್ಟೇ ಬೈದೆ, ನಿಜ. ಆದರೆ ನನ್ನ ಕಣ್ಣು ಇನ್ನೂ ನಡೆಯುತ್ತದೆ, ಅವ್ವನದು ನಡೆಯುವುದಿಲ್ಲ, ಹೇಳುತ್ತಿರುವುದೂ ಅದನ್ನೇ.

ಫೋನಿನಲ್ಲಿ ಓದಬಾರದಾ ಅಂತ ಮಗಳು ಕೇಳುತ್ತಾಳೆ. ಓದಬಹುದು. ಯೂವರ್ಷನ್ ಎಂಬ ಬೈಬಲ್ ಆ್ಯಪ್ 2008ರಿಂದ ಇದೆ, ಪುಕ್ಕಟೆ, ಕನ್ನಡವೂ ಇದೆ, ಅಕ್ಷರ ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದು. ಒಂದು ವಚನ ಎಲ್ಲಿದೆ ಅಂತ ಹುಡುಕಲು ಅದಕ್ಕಿಂತ ಒಳ್ಳೆಯದಿಲ್ಲ. ಆದರೆ 176 ವಚನಗಳ 119ನೇ ಕೀರ್ತನೆಯನ್ನು ಫೋನಿನಲ್ಲಿ ಓದಿ ಮುಗಿಸಲು ನನ್ನಿಂದ ಆಗಿಲ್ಲ, ಅರ್ಧಕ್ಕೆ ಬರುವಷ್ಟರಲ್ಲಿ ಸೊಸೈಟಿ ಗ್ರೂಪಿನಲ್ಲಿ ನೀರಿನ ಟ್ಯಾಂಕರ್ ಜಗಳ ಶುರುವಾಗಿರುತ್ತದೆ. ಭಾನುವಾರ ಆರಾಧನೆಯಲ್ಲಿ ಫೋನು ತೆಗೆದರೆ ಹಿಂದಿನ ಬೆಂಚಿನ ಆಂಟಿಯರ ಕಣ್ಣು ಬೇರೆ. ಕನ್ನಡ ಮಾತಾಡುವ, ಆದರೆ ಓದಲು ಬಾರದ ನಮ್ಮ ಇಲ್ಲಿನ ಮಕ್ಕಳಿಗೆ ಮಾತ್ರ ಕೇಳುವ ಬೈಬಲ್ಲೇ ಒಳ್ಳೆಯದು. ಇಲ್ಲವೇ ಕನ್ನಡ, ಇಂಗ್ಲಿಷ್ ಎರಡೂ ಪಕ್ಕಪಕ್ಕ ಇರುವುದು.

ಉಡುಗೊರೆ ಕೊಡುವವರು ಇನ್ನೊಂದು ನೋಡಿ. ನಮ್ಮ ಪ್ರೊಟೆಸ್ಟೆಂಟರ ಸತ್ಯವೇದದಲ್ಲಿ 66 ಪುಸ್ತಕ, ಕಥೋಲಿಕರದರಲ್ಲಿ 73. ಬಾಂದ್ರಾದ ಕಥೋಲಿಕ ಗೆಳೆಯನಿಗೆ ನಾನು ನಮ್ಮದನ್ನೇ ಕೊಟ್ಟೆ, ಅವನು ಪಾಪ ನಕ್ಕು ಇಟ್ಟುಕೊಂಡ.

ಕಥೆಯ ಹಾಗೆ ಒಂದೇ ಸಮನೆ ಓದುವವರಿಗೆ ವಚನದ ನಂಬರೇ ಇಲ್ಲದ ಪುಸ್ತಕ ಇಂಗ್ಲಿಷಿನಲ್ಲಿ ಸಿಗುತ್ತದೆ. ಅದೇನು ತಪ್ಪಲ್ಲ. ಆ ನಂಬರು ಮೂಲದಲ್ಲಿ ಇರಲೇ ಇಲ್ಲ, ಹೊಸ ಒಡಂಬಡಿಕೆಗೆ ಈಗಿರುವ ವಚನ ಸಂಖ್ಯೆ ಹಾಕಿದ್ದು 1551ರಲ್ಲಿ, ರಾಬರ್ಟ್ ಎಸ್ಟಿಯೆನ್ ಎಂಬ ಮುದ್ರಕ. ಆದರೆ ಪಾಸ್ಟರ್ ವಚನ ಹೇಳಿದಾಗ ಅದರಲ್ಲಿ ತಡಕಾಡಬೇಕಾಗುತ್ತದೆ, ಸಭೆಗೆ ತರಬೇಡಿ.

ಇನ್ನು ನಮ್ಮ ಮುಂಬೈ ಮಳೆ. ನಾಲ್ಕು ತಿಂಗಳ ತೇವಕ್ಕೆ ರೆಕ್ಸಿನ್ ಅಂಟಂಟಾಗಿ ಸುಲಿಯುತ್ತದೆ, ತೆಳು ಹಾಳೆ ಅಲೆಅಲೆಯಾಗುತ್ತದೆ. ಬಟ್ಟೆ ರಟ್ಟಿನ ಹೊಲಿದ ಬೈಂಡಿಂಗ್ ಆದರೆ ಬಾಳಿಕೆ ಬರುತ್ತದೆ.

ಅವ್ವನಿಗೆ ಕೊನೆಗೆ ದಪ್ಪಕ್ಷರದ್ದು ಸಿಕ್ಕಿತು. ಭಾರ ಜಾಸ್ತಿ, ತೊಡೆ ಮೇಲೆ ಆಗಲ್ಲ, ದಿಂಬಿನ ಮೇಲಿಟ್ಟು ಓದುತ್ತಾಳೆ. ಮಾರುವವರಿಗೆ ನಿಮ್ಮ ಪತ್ರಿಕೆಯ ಮೂಲಕ ಒಂದೇ ಕೇಳಿಕೆ: ರಟ್ಟಿನ ಫೋಟೋ ಜೊತೆಗೆ ಬಿಚ್ಚಿದ ಪುಟದ್ದೂ ಒಂದು ಹಾಕಿ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು.

ಡೊಂಬಿವಲಿಯ ಓದುಗ