ಮಸಾಲೆ ಬೇರೆ, ಖಾರ ಬೇರೆ

ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಗೆವುರ್ಟ್ಸ್‌ಟ್ರಾಮಿನರ್ ಅನ್ನುವ ಬಿಳಿ ವೈನ್ ಬಗ್ಗೆ ಓದಿ ಖುಷಿಯಾಯಿತು. ಆದರೆ ಅದು ನಮ್ಮ ಖಾರದ ಅಡುಗೆಗೆ ಹೇಳಿ ಮಾಡಿಸಿದ್ದು ಅಂತ ಬರೆದಿದ್ದೀರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ನಾನಿರುವುದು ಸ್ಟ್ರಾಸ್‌ಬರ್ಗ್‌ನಲ್ಲಿ, ಈ ವೈನಿಗೆ ಹೆಸರಾದ ಫ್ರಾನ್ಸಿನ ಅಲ್ಸಾಸ್ ಸೀಮೆಯಲ್ಲಿ. ಇಂಥದ್ದೇ ಮಾತು ನಂಬಿ ಒಮ್ಮೆ ಕೋಳಿ ಸುಕ್ಕದ ಜೊತೆ ಕುಡಿದಿದ್ದೆ. ಬಾಯೆಲ್ಲ ಉರಿ, ವೈನಿನ ರುಚಿಯೇ ಗೊತ್ತಾಗಲಿಲ್ಲ.

ಈ ವೈನನ್ನು ಇಂಗ್ಲಿಷಿನಲ್ಲಿ ‘ಸ್ಪೈಸಿ’ ಅನ್ನುತ್ತಾರೆ, ತಪ್ಪಿರುವುದು ಆ ಪದದಲ್ಲಿ. ಗೆವುರ್ಟ್ಸ್ ಅಂದರೆ ಜರ್ಮನ್ನಿನಲ್ಲಿ ಮಸಾಲೆ, ಟ್ರಾಮಿನರ್ ಅನ್ನುವುದು ಉತ್ತರ ಇಟಲಿಯ ಟ್ರಾಮಿನ್ ಊರಿನಿಂದ ಬಂದ ಹೆಸರು. ಇಂಗ್ಲಿಷಿನವರು ಮಸಾಲೆಗೂ ಖಾರಕ್ಕೂ ಅದೊಂದೇ ಪದ ಬಳಸುತ್ತಾರೆ. ನಮಗೆ ಏಲಕ್ಕಿ ಬೇರೆ, ಹಸಿಮೆಣಸಿನಕಾಯಿ ಬೇರೆ ಅಲ್ವಾ? ಈ ವೈನಿನಲ್ಲಿ ಆಲ್ಕೋಹಾಲ್ ಸಾಮಾನ್ಯವಾಗಿ ಶೇ 13–14ರಷ್ಟಿರುತ್ತದೆ, ಅದು ಮೆಣಸಿನಕಾಯಿಯ ಉರಿಯನ್ನು ಇನ್ನೂ ಜಾಸ್ತಿ ಮಾಡುತ್ತದೆ. ಸ್ವಲ್ಪ ಸಿಹಿ ಇದ್ದಿದ್ದರೆ ಉರಿ ತಗ್ಗುತ್ತಿತ್ತು, ಡ್ರೈ ವೈನಿನಲ್ಲಿ, ಅಂದರೆ ಸಿಹಿಯಿಲ್ಲದ್ದರಲ್ಲಿ, ಅದೂ ಇಲ್ಲ.

ಇದರಲ್ಲಿ ಡ್ರೈ ಬಗೆಯೂ ಇದೆ ಅಂದರೆ ಹಲವರು ನಂಬುವುದಿಲ್ಲ. ಗ್ಲಾಸು ಮೂಗಿನ ಹತ್ತಿರ ತಂದರೆ ಲಿಚಿ, ಗುಲಾಬಿ ಘಮ್ಮೆನ್ನುತ್ತವೆ. ಲಿಚಿ ಹಣ್ಣಿನಲ್ಲಿರುವ ರೋಸ್ ಆಕ್ಸೈಡ್ ಅನ್ನುವ ಪರಿಮಳದ ಅಂಶ ಇದರಲ್ಲೂ ಇದೆ, ಹಾಗಾಗಿ ಮೂಗು ಇದನ್ನು ಸಿಹಿ ಅಂದುಕೊಂಡುಬಿಡುತ್ತದೆ. ಡ್ರೈ ಬಗೆಯದನ್ನು ಒಂದು ಗುಟುಕು ಬಾಯಲ್ಲಿ ಹೊರಳಾಡಿಸಿ ನೋಡಿ, ಸಿಹಿ ಇರುವುದಿಲ್ಲ, ಕೊನೆಯಲ್ಲಿ ಸಣ್ಣಗೆ ಕಹಿ ನಿಲ್ಲುತ್ತದೆ. ಸಿಹಿಯಾಗಿ ಮಾಡುವವರೂ ಬೇಕಾದಷ್ಟು ಇದ್ದಾರೆ, ಅದಕ್ಕೇ ಲೇಬಲ್ ನೋಡಿ ಕೊಳ್ಳಬೇಕು. 2021ರ ಬೆಳೆಯಿಂದ ಅಲ್ಸಾಸ್ ವೈನಿನ ಬಾಟಲಿ ಮೇಲೆ ಸಿಹಿ ಎಷ್ಟು ಅಂತ ಹಾಕುವುದು ಕಡ್ಡಾಯ. ‘ಸೆಕ್’ ಅಂತಿದ್ದರೆ ಡ್ರೈ.

ಇಲ್ಲಿಯವರು ಗಾಢ ವಾಸನೆಯ ಮನ್ಸ್ಟೆರ್ ಚೀಸಿಗೆ ಜೀರಿಗೆ ಉದುರಿಸಿಕೊಂಡು ಇದರ ಜೊತೆ ತಿನ್ನುತ್ತಾರೆ. ನಾನು ನೀರುದೋಸೆ ಮಾಡಿ, ತೆಂಗಿನಹಾಲು, ಶುಂಠಿ, ಏಲಕ್ಕಿ ಹಾಕಿದ ಕೋಳಿ ಸಾರಿನ ಜೊತೆ ಕುಡಿದೆ. ಹಸಿಮೆಣಸಿನಕಾಯಿ ಒಂದೇ ಒಂದು, ಅದೂ ಬೀಜ ತೆಗೆದು. ಎಷ್ಟು ಚೆನ್ನಾಗಿ ಹೊಂದಿಕೊಂಡಿತೆಂದರೆ, ಶುಂಠಿಯ ಪರಿಮಳ ಸಾರಿನದೋ ವೈನಿನದೋ ತಿಳಿಯದಷ್ಟು. ಹುಣಸೆಹುಳಿ ಹಿಂಡಿದ ಮೀನು ಸಾರಿಗೆ ಮಾತ್ರ ಬೇಡ. ಈ ವೈನಿನಲ್ಲಿ ಹುಳಿ ಕಮ್ಮಿ, ಸಾರಿನ ಮುಂದೆ ಸಪ್ಪೆ ಹೊಡೆಯುತ್ತದೆ. ಅಲ್ಲಿಗೆ ಡ್ರೈ ರೀಸ್ಲಿಂಗ್ ಅನ್ನುವ, ಹುಳಿ ಜಾಸ್ತಿಯಿರುವ ಬಿಳಿ ವೈನ್ ಸರಿ.

ಇನ್ನೊಂದು, ಫ್ರಿಜ್ಜಿನಿಂದ ತೆಗೆದ ಕೂಡಲೇ ಸುರಿಯಬೇಡಿ, ತೀರಾ ತಣ್ಣಗಿದ್ದರೆ ಘಮ ಏಳುವುದಿಲ್ಲ. 10 ಡಿಗ್ರಿ ಹತ್ತಿರ ಇದ್ದರೆ ಸಾಕು.

ದಯವಿಟ್ಟು ಮುಂದಿನ ಪುರವಣಿಯಲ್ಲಿ ಆ ಒಂದು ಸಾಲು ತಿದ್ದಿ ಹಾಕಿ. ಅದನ್ನು ನಂಬಿ ದುಬಾರಿ ಬಾಟಲಿ ತಂದವರು ಮೆಣಸಿನಕಾಯಿ ಬಜ್ಜಿ ಜೊತೆ ತೆರೆಯುವ ಮೊದಲು.

– ಸ್ಟ್ರಾಸ್‌ಬರ್ಗ್‌ನ ಓದುಗ