ಚುನಾವಣೆಯ ಲೆಕ್ಕ: ಒಂಬತ್ತನೆಯ ತರಗತಿಯ ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ಶಾಲಾ ಸಂಸತ್ತಿನ ಚುನಾವಣೆ ಮುಗಿದರೂ ಒಂಬತ್ತನೆಯ ತರಗತಿಯಲ್ಲಿ ತಕರಾರು ಮುಗಿದಿಲ್ಲ. ಮೂವರಲ್ಲಿ ಗೆದ್ದವಳಿಗೆ ಅರ್ಧದಷ್ಟು ಮತವೂ ಬಿದ್ದಿಲ್ಲ, ಹಾಗಿರುವಾಗ ಅವಳು ಪ್ರಧಾನಮಂತ್ರಿ ಹೇಗಾದಳು ಎಂದು ಸೋತವರ ಕಡೆಯವರು ಕೇಳುತ್ತಿದ್ದಾರೆ. ಡಸ್ಟರನ್ನೇ ಮೈಕ್ ಮಾಡಿಕೊಂಡು, ಟಿವಿ ಚರ್ಚೆಯವರ ಹಾಗೆ ಒಬ್ಬರ ಮೇಲೊಬ್ಬರು ಕೂಗಾಡಿದ್ದೂ ಆಯಿತು. ನಿರೂಪಕನಾದ ಹುಡುಗನ ಮೂತಿಗೆ ಸುಣ್ಣದ ಪುಡಿ ಮೆತ್ತಿಕೊಂಡಿತೇ ಹೊರತು ಉತ್ತರ ಸಿಗಲಿಲ್ಲ.

ಪ್ರಶ್ನೆ ಮಾತ್ರ ಒಳ್ಳೆಯದು. ಇಂಥದ್ದಕ್ಕೆ ಟಿವಿಯಲ್ಲಿ ಲೆಕ್ಕ ಬಿಡಿಸಿ ತೋರಿಸಿದವರು ಪ್ರಣಯ್ ರಾಯ್. ಶನಿವಾರದ ಬೆಳಗಿನ ತರಗತಿಯಲ್ಲಿ ಅವರ ವೃತ್ತಿಜೀವನವೇ ಪಾಠ.

ರಾಯ್ ಓದಿದ್ದು ಲೆಕ್ಕಪರಿಶೋಧನೆ ಮತ್ತು ಅರ್ಥಶಾಸ್ತ್ರ. 1980ರ ದಶಕದಲ್ಲಿ ದೂರದರ್ಶನದ ಚುನಾವಣಾ ಪ್ರಸಾರಕ್ಕೆ ಬಂದರು. ಮತಪತ್ರಗಳನ್ನು ಕೈಯಿಂದ ಎಣಿಸುತ್ತಿದ್ದ ಆ ಕಾಲದಲ್ಲಿ ಫಲಿತಾಂಶಕ್ಕೆ ದಿನಗಟ್ಟಲೆ ಕಾಯಬೇಕಿತ್ತು. ವಿರೋಧ ಪಕ್ಷಗಳ ಮತ ಒಡೆದರೆ ಗೆದ್ದವರ ಸ್ಥಾನ ಹೇಗೆ ಉಬ್ಬುತ್ತದೆ ಎಂಬುದನ್ನು ಅವರು ಅಂಕಿಗಳಲ್ಲಿ ವಿವರಿಸುತ್ತಿದ್ದರು. 1984ರ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ ಬಂದದ್ದು ಸುಮಾರು ಶೇ 49 ಮತ, ಸಿಕ್ಕಿದ್ದು 514ರಲ್ಲಿ 404 ಸ್ಥಾನ! ನಮ್ಮ ರಾಜ್ಯದ 2018ರ ಫಲಿತಾಂಶ ಇನ್ನೂ ಸ್ವಾರಸ್ಯದ್ದು: ಶೇ 38 ಮತ ಪಡೆದ ಕಾಂಗ್ರೆಸ್ಸಿಗೆ 80 ಸ್ಥಾನ, ಶೇ 36 ಪಡೆದ ಬಿಜೆಪಿಗೆ 104. ಯಾಕೆ ಹೀಗೆ ಎಂಬುದನ್ನು ಮಕ್ಕಳೇ ಬಿಡಿಸಲಿ.

1988ರಲ್ಲಿ ಪತ್ನಿ ರಾಧಿಕಾ ಅವರೊಂದಿಗೆ ಎನ್‌ಡಿಟಿವಿ ಎಂಬ ಟಿವಿ ಸುದ್ದಿಸಂಸ್ಥೆ ಕಟ್ಟಿದ ರಾಯ್, ಅದು ಅದಾನಿ ಸಮೂಹದ ಕೈಸೇರಿದ ಬಳಿಕ 2022ರ ಕೊನೆಗೆ ಹೊರಬಂದರು. 2015ರ ಬಿಹಾರ ಎಣಿಕೆಯ ಬೆಳಿಗ್ಗೆ ಅವರ ವಾಹಿನಿಯ ಲೆಕ್ಕ ತಲೆಕೆಳಗಾದಾಗ ಅವರೇ ಕ್ಷಮೆ ಕೇಳಿದರು. ಪ್ರಶಸ್ತಿ, ಪದವಿಗಳಿಗಿಂತ ನನಗೆ ಇದು ದೊಡ್ಡದಾಗಿ ಕಾಣುತ್ತದೆ. ಪಾಠದಲ್ಲಿ ಇದನ್ನು ಖಂಡಿತ ಸೇರಿಸುತ್ತೇನೆ.

ಅಂದಹಾಗೆ, ಟಿವಿ ನಮಗೆ ತಡವಾಗಿ ಬಂತು ಎಂದುಕೊಳ್ಳಬೇಡಿ. 1975ರಲ್ಲಿ ಉಪಗ್ರಹ ಪ್ರಯೋಗದಡಿ ಗುಲ್ಬರ್ಗ ಜಿಲ್ಲೆಯ ಹಳ್ಳಿಗಳು ಟಿವಿ ನೋಡಿದಾಗ ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರವೇ ಇರಲಿಲ್ಲ. ಮನೆಯಲ್ಲಿ ಅದನ್ನು ಕಂಡ ಅಜ್ಜ, ಅಜ್ಜಿ ಇದ್ದರೆ ಶನಿವಾರ ಅವರನ್ನೂ ಕಳುಹಿಸಿ, ಕುರ್ಚಿ ಹಾಕಿಸುತ್ತೇವೆ.

ಚುನಾವಣಾ ಫಲಿತಾಂಶ ಅಚ್ಚಾದ ಹಳೆಯ ಪತ್ರಿಕೆಗಳಿದ್ದರೆ ದಯವಿಟ್ಟು ಕೊಟ್ಟು ಕಳುಹಿಸಿ. ನೀವು ಯಾರಿಗೆ ಮತ ಹಾಕಿದಿರಿ ಎಂದು ಕೇಳಕೂಡದೆಂದು ಮಕ್ಕಳಿಗೆ ಹೇಳಿದ್ದೇವೆ; ನೀವಾಗಿಯೂ ಹೇಳಬೇಡಿ. ಕ್ಯಾಲ್ಕುಲೇಟರ್ ಬೇಡ, ಗ್ರಾಫ್ ಪುಸ್ತಕ ಮತ್ತು ಸ್ಕೇಲು ಸಾಕು.

ಇಂತಿ,
ಮುಖ್ಯೋಪಾಧ್ಯಾಯಿನಿ
ಸರ್ಕಾರಿ ಪ್ರೌಢಶಾಲೆ, ಕಲಬುರಗಿ ತಾಲ್ಲೂಕು