ಸತು ಮಲಗಬೇಕು ಅಪ್ಪ

ವಾಟರ್‌ಲೂ, ಕೆನಡಾ

ಅಪ್ಪನಿಗೆ ನಮಸ್ಕಾರ.

ನಾನು ಚೆನ್ನಾಗಿದ್ದೀನಿ. ಅಮ್ಮ ಕಳಿಸಿದ ಶೇಂಗಾ ಚಟ್ನಿಪುಡಿ ಮುಗೀತಾ ಬಂತು. ಅಲ್ಲಿ ಏನಮ್ಮ ಮಾಡ್ತೀಯ ಅಂತ ಫೋನಲ್ಲಿ ಕೇಳಿದ್ರಲ್ಲ, ಬಾಯಲ್ಲಿ ಹೇಳೋಕೆ ಆಗಲಿಲ್ಲ. ಅದಕ್ಕೇ ಬರೀತಿದ್ದೀನಿ. ಇಲ್ಲಿ ಲ್ಯಾಬಲ್ಲಿ ನನ್ನ ಕೆಲಸ ಸತುವಿನ ಬ್ಯಾಟರಿ ಮೇಲೆ.

ಹಳೇ ಟಾರ್ಚ್ ಸೆಲ್ ಒಡೆದರೆ ಡಬ್ಬಿ ಸತುವಿಂದು, ಒಳಗಿನ ಕಪ್ಪು ಪುಡಿ ಮ್ಯಾಂಗನೀಸ್ ಡೈಆಕ್ಸೈಡ್. ಹೌದು, ನಮ್ಮ ಸಂಡೂರಿನ ಗುಡ್ಡದಲ್ಲಿ ಅಗೆಯೋ ಅದೇ ಮ್ಯಾಂಗನೀಸ್. ನಾವು ಬಳಸೋದೂ ಅವೆರಡನ್ನೇ. ಮಧ್ಯೆ ಸತುವಿನ ಸಲ್ಫೇಟ್ ಕರಗಿಸಿದ ನೀರು. ಟಾರ್ಚ್ ಸೆಲ್ ಮುಗಿದ ಮೇಲೆ ಎಸೀತೀವಿ. ನಮ್ಮ ಬ್ಯಾಟರಿಯನ್ನು ಮತ್ತೆ ಮತ್ತೆ ಚಾರ್ಜ್ ಮಾಡಬೇಕು. ಒಳಗೆ ಇರೋದು ನೀರು, ಹಾಗಾಗಿ ಲಿಥಿಯಂ ಬ್ಯಾಟರಿ ಥರ ಹೊತ್ತಿಕೊಳ್ಳೋ ಭಯ ಇಲ್ಲ.

ತಲೆನೋವೆಲ್ಲ ಸತುವಿನ ತಗಡಿಂದು. ಬ್ಯಾಟರಿ ಬಳಸುವಾಗ ಸತು ಕರಗಿ ನೀರಿಗೆ ಇಳಿಯುತ್ತೆ. ಚಾರ್ಜ್ ಮಾಡುವಾಗ ವಾಪಸ್ ಬಂದು ತಗಡಿನ ಮೇಲೆ ಕೂರಬೇಕು. ಅದು ಸಮವಾಗಿ ಕೂರಲ್ಲ. ಎಲ್ಲಿ ಚೂರು ಉಬ್ಬಿದೆಯೋ ಅಲ್ಲೇ ಕರೆಂಟ್ ಜಾಸ್ತಿ, ಅಲ್ಲೇ ಇನ್ನಷ್ಟು ಸತು. ಬೆಳೆದೂ ಬೆಳೆದೂ, ಎರಡು ಬದಿ ಒಂದಕ್ಕೊಂದು ತಾಗದಿರಲಿ ಅಂತ ಮಧ್ಯೆ ಇಟ್ಟ ಪರದೆ ಚುಚ್ಚಿ ಶಾರ್ಟ್ ಆಗುತ್ತೆ. ಸಾಲದ್ದಕ್ಕೆ ನೀರು ಒಡೆದು ಹೈಡ್ರೋಜನ್ ಬೇರೆ ಬರುತ್ತೆ, ಸೆಲ್ ಉಬ್ಬುತ್ತೆ.

ಕಳೆದ ವಾರ ಹಾಗೆ ಸತ್ತ ಒಂದು ಸೆಲ್ ಬಿಚ್ಚಿದೆ. ಕಾರಿನ ಕೀಲಿಯೊಳಗಿನ ಬಟನ್ ಸೆಲ್ಲಿನಷ್ಟೇ ಗಾತ್ರ. ಗಾಜಿನ ನಾರಿನ ಪರದೆ ತಗಡಿಗೆ ಕಚ್ಚಿಕೊಂಡಿತ್ತು. ಚಿಮಟದಲ್ಲಿ ಎಳೆದರೆ ಬೂದು ಕಲೆಗಳ ಸಮೇತ ಹರಿದು ಬಂತು. ಎಲೆಕ್ಟ್ರಾನ್ ಮೈಕ್ರೋಸ್ಕೋಪಲ್ಲಿ ನೋಡಿದರೆ ಸತುವಿನ ಆರು ಮೂಲೆಯ ತೆಳು ಬಿಲ್ಲೆಗಳು ಅಡ್ಡಾದಿಡ್ಡಿಯಾಗಿ ನಿಂತಿದ್ದವು. ಶಹಾಬಾದ್ ಕಲ್ಲಿನ ಚಪ್ಪಡಿ ಪೇರಿಸಿದ ಹಾಗೆ ಅವು ಒಂದರ ಮೇಲೊಂದು ಮಲಗಬೇಕಿತ್ತು.

ಮಲಗಿಸೋಕೆ ದಾರಿ ಇದೆ. 2019ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಲಿಂಡನ್ ಆರ್ಚರ್ ಅವರ ತಂಡ ಸ್ಟೀಲಿನ ಮೇಲೆ ಗ್ರಾಫೀನ್, ಅಂದ್ರೆ ಇಂಗಾಲದ ತೀರಾ ತೆಳು ಹಾಳೆ, ಬಳಿದು ತೋರಿಸಿತು. ಗ್ರಾಫೀನಿನ ಪರಮಾಣುಗಳ ಸಾಲು ಸತುವಿನ ಸಾಲಿಗೆ ಹೆಚ್ಚುಕಮ್ಮಿ ಹೊಂದುತ್ತೆ. ಹಾಗಾಗಿ ಬಿಲ್ಲೆಗಳು ತಾವಾಗೇ ಚಪ್ಪಟೆಯಾಗಿ ಕೂರುತ್ತವೆ. ಅದಕ್ಕೂ ಮುಂಚೆ, 2017ರಲ್ಲಿ, ಅಲ್ಲಿನ ನೌಕಾಪಡೆಯ ಲ್ಯಾಬಿನವರು ತಗಡನ್ನೇ ಕೈಬಿಟ್ಟು ಒಳಗೆಲ್ಲ ತೂತಿರೋ ಸತು ಮಾಡಿದ್ದರು. ಕರೆಂಟ್ ಒಂದೇ ಕಡೆ ಸೇರದೆ ಹಂಚಿಹೋಗಲಿ ಅಂತ.

ಆದರೆ ಸಾವಿರಾರು ಸಲ ಚಾರ್ಜ್ ಆಯ್ತು ಅಂತ ಯಾರಾದ್ರೂ ಬರೆದರೆ ನಾನು ಮೊದಲು ನೋಡೋದು ತಗಡಿನ ದಪ್ಪ. ದಪ್ಪ ತಗಡಲ್ಲಿ ಓಡಾಡೋದು ಚಿಟಿಕೆ ಸತು ಮಾತ್ರ. ಅರ್ಧ ಹಾಳಾದರೂ ಗೊತ್ತಾಗಲ್ಲ. ತೆಳು ತಗಡು ಹಾಕಿ, ಅದರಲ್ಲಿ ಮುಕ್ಕಾಲು ಪಾಲು ಬಳಸಿ, ಚಾರ್ಜ್ ಮಾಡಿ ಕೆಲವು ದಿನ ಸುಮ್ನೆ ಇಟ್ಟು ನೋಡಲಿ, ಆಗ ಬಣ್ಣ ಬಯಲಾಗುತ್ತೆ. ಸುಮ್ನೆ ಇಟ್ಟಾಗಲೂ ನೀರು ಸತುವನ್ನು ತಿಂತಾನೇ ಇರುತ್ತೆ. ನನ್ನ ಕೆಲಸ ಈಗ ಅದೇ ಪರೀಕ್ಷೆ.

ಮೊಬೈಲಿಗೆ, ಕಾರಿಗೆ ಇದು ಆಗಿಬರಲ್ಲ. ಲಿಥಿಯಂ ಸೆಲ್ 3.6 ವೋಲ್ಟ್ ಕೊಟ್ಟರೆ ಇದು ಕೊಡೋದು 1.4ರ ಆಸುಪಾಸು, ಭಾರ ಜಾಸ್ತಿ ಬೀಳುತ್ತೆ. ಮನೆ ಮೂಲೆಯಲ್ಲಿ ಕೂರೋ ಇನ್ವರ್ಟರ್ ಬ್ಯಾಟರಿಗಾದ್ರೆ ಭಾರದ ಚಿಂತೆ ಯಾಕೆ, ಅಲ್ವಾ? ಹಾಗಂತ ಇದಕ್ಕೇ ಕಾಯ್ತಾ ಕೂರಬೇಡಿ. ನಮ್ಮನೆಯದು ಹೋದರೆ ಸದ್ಯ ಲೆಡ್ ಆಸಿಡ್ಡೇ ತಗೊಳ್ಳಿ. ಡಿಸ್ಟಿಲ್ಡ್ ವಾಟರೇ ಹಾಕಿ, ಬೋರ್‌ವೆಲ್ ನೀರು ಬೇಡ.

ನಿಮ್ಮ ಮಗಳು